ಪತ್ರಿಕೋದ್ಯಮ ಓದಬೇಕು, ತೋಟ ಅಡ ಇಡಬಾರದು: ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಕೊಡಗಿನ ಗುಂಪಿನ ಎಲ್ಲರಿಗೂ ನಮಸ್ಕಾರ. ಮೇಡಂ ಬಹಳ ಕಾಲ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವರು, ಈಗ ಪತ್ರಿಕೋದ್ಯಮ ಕಲಿಸುತ್ತಾರೆ. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕೋರ್ಸ್ ಯಾವುದು ಅಂತ ಇವತ್ತು ಸಂಜೆ ಕೇಳಬಹುದು. ಮಳೆ ಜೋರಾಗಿದೆ. ಕರೆಂಟ್ ಹೋದರೆ ಉತ್ತರ ತಡವಾಗಬಹುದು.

ಕುಶಾಲನಗರದಿಂದ: ಮೇಡಂ, ಕಡಿಮೆ ಫೀಸಿನ ಒಳ್ಳೆಯ ಕಾಲೇಜು ಯಾವುದು?

ಮೇಡಂ: ಬಿಎಗೆ ಸರ್ಕಾರಿ ಅಥವಾ ವಿಶ್ವವಿದ್ಯಾಲಯದ ಕಾಲೇಜು ಸಾಕು. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಇದೆ. ಎಂಎಗೆ ಮೈಸೂರು ವಿವಿಯ ಮಾನಸಗಂಗೋತ್ರಿ, ಇಲ್ಲವೇ ಕೊಣಾಜೆಯ ಮಂಗಳೂರು ವಿವಿ.

ವಿರಾಜಪೇಟೆಯಿಂದ: ನಾನು ಬಿಕಾಂ ಮಾಡಿದ್ದೇನೆ. ಎಂಎ ಪತ್ರಿಕೋದ್ಯಮ ಸಿಗುತ್ತಾ ಮೇಡಂ?

ಮೇಡಂ: ಹೆಚ್ಚಿನ ಕಡೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ಬಜೆಟ್, ಬ್ಯಾಲೆನ್ಸ್ ಶೀಟ್ ಓದಲು ಬರುವವರು ನಮ್ಮಲ್ಲಿ ಬಹಳ ಕಮ್ಮಿ. ಧೈರ್ಯವಾಗಿ ಬನ್ನಿ.

ಸೋಮವಾರಪೇಟೆಯಿಂದ: ಮಗಳು ಪಿಯುಸಿ ಆರ್ಟ್ಸ್, 89 ಪರ್ಸೆಂಟ್. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಮೂರು ವರ್ಷಕ್ಕೆ 9 ಲಕ್ಷ ಕೇಳಿದ್ದಾರೆ, ಹಾಸ್ಟೆಲ್ ಬೇರೆ. ಸ್ಟುಡಿಯೋ ತೋರಿಸಿದರು, ಭಾರಿ ಚೆನ್ನಾಗಿದೆ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದರು. ಸ್ವಲ್ಪ ಕಾಫಿ ತೋಟ ಇದೆ, ಈಗ ರೇಟೂ ಪರವಾಗಿಲ್ಲ. ತೋಟ ಅಡ ಇಟ್ಟು ಸಾಲ ಮಾಡೋಣ ಅಂತಿದ್ದೇನೆ. ಸರಿಯಾ ಮೇಡಂ?

ಮೇಡಂ: ಅಣ್ಣಾ, ತೋಟ ಇಡಬೇಡಿ.

ಲೆಕ್ಕ ನೋಡಿ. 9 ಲಕ್ಷ ಸಾಲ, 10 ಪರ್ಸೆಂಟ್ ಬಡ್ಡಿ, 7 ವರ್ಷ ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 15 ಸಾವಿರ ಕಂತು. ಓದುವಾಗ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಕನ್ನಡ ಪತ್ರಿಕೆ, ಚಾನೆಲ್‌ಗಳಿಗೆ ಹೊಸದಾಗಿ ಸೇರುವ ಮಕ್ಕಳ ಸಂಬಳ ನಾನು ನೋಡಿದ್ದೇನೆ. ಈ ಕಂತು ಕಟ್ಟಿ, ಪಿಜಿ ಬಾಡಿಗೆ ಕೊಟ್ಟರೆ ಮಗು ಊಟಕ್ಕೆ ನಿಮ್ಮನ್ನೇ ಕೇಳಬೇಕು. ಕಾಫಿ ರೇಟು ಹೀಗೇ ಇರುತ್ತದೆ ಅಂತ ಬರೆದು ಕೊಟ್ಟವರು ಯಾರು? 2018ರ ಆಗಸ್ಟಿನ ಮಳೆ, ಭೂಕುಸಿತ ನೋಡಿದವರಲ್ವಾ ನಾವು?

ಸ್ಟುಡಿಯೋಗೆ ಮರುಳಾಗಬೇಡಿ. ಮಕ್ಕಳು ಅಭ್ಯಾಸಕ್ಕೆ ಹೊರತರುವ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಮಕ್ಕಳು ಸಂತೆ, ಆಸ್ಪತ್ರೆ, ಗ್ರಾಮಸಭೆಗೆ ಹೋಗಿ ಬರೆದ ವರದಿ ಇದೆಯಾ, ಬರೀ ಕಾಲೇಜ್ ಡೇ ಫೋಟೋ ತುಂಬಿದೆಯಾ ನೋಡಿ. ಪತ್ರಿಕೆಯೇ ಇಲ್ಲ ಅಂದರೆ ಅಲ್ಲಿಂದಲೇ ಬಸ್ ಹತ್ತಿ. ಪಾಠ ಮಾಡುವವರಲ್ಲಿ ಸುದ್ದಿಮನೆಯಲ್ಲಿ ದುಡಿದವರು ಯಾರು ಅಂತ ಕೇಳಿ. ಪ್ಲೇಸ್‌ಮೆಂಟ್ ಅಂದರೆ ಯಾವ ಸಂಸ್ಥೆ, ಏನು ಕೆಲಸ, ಎಷ್ಟು ಸಂಬಳ? ಬರೆದು ಕೊಡಿ ಅನ್ನಿ. ಕಾಲ್ ಸೆಂಟರ್ ಕೆಲಸವನ್ನೂ ಮೀಡಿಯಾ ಲೆಕ್ಕಕ್ಕೆ ಹಾಕುವವರಿದ್ದಾರೆ.

89 ಪರ್ಸೆಂಟ್ ತೆಗೆದ ಹುಡುಗಿ ಮಡಿಕೇರಿಯಲ್ಲೋ ಮೈಸೂರಿನ ಮಹಾರಾಜ ಕಾಲೇಜಿನಲ್ಲೋ ಬಿಎ ಮಾಡಲಿ. ಮಹಾರಾಜದಲ್ಲಿ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲೇ ಈ ವಿಷಯ ಶುರು ಮಾಡಿದ್ದರು. ಆಮೇಲೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆದರೆ ಹೈದರಾಬಾದ್, ಪುದುಚೇರಿ ಕೇಂದ್ರೀಯ ವಿಶ್ವವಿದ್ಯಾಲಯಗಳಿವೆ. ದೊಡ್ಡ ಹೆಸರು ಬೇಕಿದ್ದರೆ ಎಂಎಯಲ್ಲಿ ಇರಲಿ, ಖರ್ಚೂ ಹಗುರ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಸರ್ಕಾರಿಯಲ್ಲಿ ಓದಿದ್ದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ, ವರ್ಷಕ್ಕೆ 30 ಸಾವಿರ. ರಜೆಯಲ್ಲಿ ಮಡಿಕೇರಿಯ 'ಶಕ್ತಿ' ಪತ್ರಿಕೆಯ ಕಚೇರಿಗೋ ಆಕಾಶವಾಣಿಗೋ ಹೋಗಿ ಕೆಲಸ ಕೇಳಲಿ. ಹೆಸರು ಹಾಕಿ ಅಚ್ಚಾದ ಹತ್ತು ವರದಿ ಕೈಯಲ್ಲಿದ್ದರೆ ಸಂದರ್ಶನದಲ್ಲಿ ಕಾಲೇಜಿನ ಹೆಸರು ಯಾರೂ ಕೇಳುವುದಿಲ್ಲ.

ಗೋಣಿಕೊಪ್ಪದಿಂದ: ತಲೆಮಾರಿನಿಂದ ಬಂದ ಕುಟುಂಬದ ಜಮ್ಮಾ ಜಾಗವಾದರೆ ಬ್ಯಾಂಕಿನವರು ಸುಲಭಕ್ಕೆ ಕೊಡುವುದೂ ಇಲ್ಲ. ಆರ್‌ಟಿಸಿಯಲ್ಲಿ ಇಡೀ ಕುಟುಂಬದ ಹೆಸರು.

ಪೊನ್ನಂಪೇಟೆಯಿಂದ: ಮೈಸೂರಿನಲ್ಲಿ ಹುಡುಗಿಯರ ಹಾಸ್ಟೆಲ್ ಬಗ್ಗೆ ಹೇಳಿ ಮೇಡಂ.

ಮಡಿಕೇರಿಯಿಂದ: ಮೈಸೂರು, ಮಂಗಳೂರು ಯಾಕೆ? ಚಿಕ್ಕ ಅಳುವಾರದಲ್ಲಿ ನಮ್ಮದೇ ಕೊಡಗು ವಿಶ್ವವಿದ್ಯಾಲಯ ಇದೆ.

ಗೋಣಿಕೊಪ್ಪದಿಂದ: ಮುಚ್ಚುವ ಪಟ್ಟಿಯಲ್ಲಿ ಹೆಸರು ಬಂದಿದ್ದು ಮರೆತಿರಾ? 2025ರಲ್ಲಿ ಒಂಬತ್ತು ಹೊಸ ವಿವಿಗಳಲ್ಲಿ ನಮ್ಮದೂ ಇತ್ತು.

ಮಡಿಕೇರಿಯಿಂದ: ನಿಮ್ಮಂಥವರು ಮಕ್ಕಳನ್ನು ಹೊರಗೆ ಕಳಿಸುವುದಕ್ಕೇ ಮುಚ್ಚಲು ಹೊರಟಿದ್ದು. ಸಂಪಾಜೆ ಘಾಟಿ ಮಳೆಗಾಲದಲ್ಲಿ ಕುಸಿದರೆ ಮಂಗಳೂರಿಂದ ಮಗು ಮನೆಗೆ ಬರುವುದು ಹೇಗೆ?

ಗೋಣಿಕೊಪ್ಪದಿಂದ: ನಿಮ್ಮ ಮಗ ಎಲ್ಲಿ ಓದುತ್ತಿದ್ದಾನೆ ಸರ್? ಬೆಂಗಳೂರಲ್ಲಿ ತಾನೆ?

ಮಡಿಕೇರಿಯಿಂದ: ಮನೆ ವಿಷಯ ಬೇಡ.

ಅಡ್ಮಿನ್: ಇಬ್ಬರೂ ಪರ್ಸನಲ್‌ಗೆ ಹೋಗಿ.

ನಾಪೋಕ್ಲಿನಿಂದ: ಫಾರ್ವರ್ಡ್: "ಐಐಎಂಸಿ ಬೆಂಗಳೂರು ಕ್ಯಾಂಪಸ್! ಕನ್ನಡ ಕೋರ್ಸ್ ಪೂರ್ತಿ ಉಚಿತ! ಇಂದೇ ಕೊನೆ ದಿನ!"

ಮೇಡಂ: ಐಐಎಂಸಿ ಅಂದರೆ ಕೇಂದ್ರ ಸರ್ಕಾರದ ಪತ್ರಿಕೋದ್ಯಮ ಸಂಸ್ಥೆ. ಅದು ಇರುವುದು ದೆಹಲಿ, ಢೆಂಕನಾಲ್, ಐಜ್ವಾಲ್, ಮಹಾರಾಷ್ಟ್ರದ ಅಮರಾವತಿ, ಕೊಟ್ಟಾಯಂ, ಜಮ್ಮುವಿನಲ್ಲಿ. ಬೆಂಗಳೂರಿನಲ್ಲಿ ಇಲ್ಲ. ಆ ಲಿಂಕ್ ಒತ್ತಿ ಆಧಾರ್ ನಂಬರ್ ಕೊಟ್ಟಿಲ್ಲ ತಾನೆ? ಡಿಲೀಟ್ ಮಾಡಿ.

ಸುಂಟಿಕೊಪ್ಪದಿಂದ: ಇದು ನಿಜವಾ ಮೇಡಂ? ಫಾರ್ವರ್ಡ್: "3 ತಿಂಗಳ ಆನ್‌ಲೈನ್ ಡಿಪ್ಲೊಮಾ, 5 ಸಾವಿರ ಮಾತ್ರ. ಪ್ರೆಸ್ ಕಾರ್ಡ್, ಗಾಡಿ ಸ್ಟಿಕ್ಕರ್ ಸಿಗುತ್ತೆ, ಟೋಲ್ ಕಟ್ಟಬೇಕಿಲ್ಲ."

ಮೇಡಂ: ಸಂಸ್ಥೆಯ ಗುರುತಿನ ಚೀಟಿ ಅಲ್ಲಿ ಕೆಲಸ ಮಾಡುವವರಿಗೆ. ಮಾನ್ಯತೆ ಕೊಡುವುದು ವಾರ್ತಾ ಇಲಾಖೆ, ಅದೂ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ. ಟೋಲ್ ನಾನೂ ಕಟ್ಟುತ್ತೇನೆ. ಇಂಥ ಸ್ಟಿಕ್ಕರ್ ಅಂಟಿಸಿಕೊಂಡು ಅಂಗಡಿಯವರನ್ನು ಹೆದರಿಸುವವರಿಂದಲೇ ನಮ್ಮ ಹುಡುಗರಿಗೆ ಊರಲ್ಲಿ ಮರ್ಯಾದೆ ಇಲ್ಲದಂತಾಗಿದೆ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಎದ್ದು ಹೋಗುತ್ತೇನೆ.

ಸಿದ್ದಾಪುರದಿಂದ: ಎಸ್ಟೇಟ್ ಆಫೀಸಿನಲ್ಲಿ ಕೆಲಸ ಮಾಡುತ್ತಾ ಓದಬಹುದಾ?

ಮೇಡಂ: ಓದಬಹುದು. ಮೈಸೂರಿನ ಮುಕ್ತ ವಿವಿಯಲ್ಲಿ ಎಂಎ ಪತ್ರಿಕೋದ್ಯಮ ಇದೆ. ಕೆಲವು ವರ್ಷ ಅದರ ಮಾನ್ಯತೆ ಹೋಗಿತ್ತು, 2018ರಲ್ಲಿ ಮತ್ತೆ ಸಿಕ್ಕಿತು. ಹಣ ಕಟ್ಟುವ ಮೊದಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಈ ವರ್ಷದ ದೂರಶಿಕ್ಷಣ ಪಟ್ಟಿಯಲ್ಲಿ ಕೋರ್ಸಿನ ಹೆಸರು ನೋಡಿ.

ಶನಿವಾರಸಂತೆಯಿಂದ: ಡಿಗ್ರಿ ಮೂರು ವರ್ಷನಾ ನಾಲ್ಕಾ?

ಮೇಡಂ: ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು.

ಕುಟ್ಟದಿಂದ: ಕ್ಯಾಮೆರಾ ಯಾವುದು ತೆಗೆದುಕೊಳ್ಳಲಿ? ಬಜೆಟ್ 60 ಸಾವಿರ.

ಭಾಗಮಂಡಲದಿಂದ: ಮೇಡಂ, ಕಡಿಮೆ ಫೀಸಿನ ಕಾಲೇಜು ಯಾವುದು?

ಮೇಡಂ: ಮೇಲೆ ಇದೆ.

ಭಾಗಮಂಡಲದಿಂದ: ಮೇಲೆ ಅಂದರೆ ಎಲ್ಲಿ? ನೆಟ್‌ವರ್ಕ್ ಇಲ್ಲ, ಓಪನ್ ಆಗುತ್ತಿಲ್ಲ.

ಗೋಣಿಕೊಪ್ಪದಿಂದ: ಓದುವ ತಾಳ್ಮೆ ಇಲ್ಲದವರು ಪತ್ರಿಕೋದ್ಯಮ ಮಾಡುವುದು ಬೇಡ.

ಪೊನ್ನಂಪೇಟೆಯಿಂದ: ಅಣ್ಣ, ನಿಮ್ಮನ್ನು ಯಾರು ಕೇಳಿದರು? ನನ್ನ ಹಾಸ್ಟೆಲ್ ಪ್ರಶ್ನೆಗೂ ಉತ್ತರ ಇಲ್ಲ.

ಸೋಮವಾರಪೇಟೆಯಿಂದ: ಮೇಡಂ, ಒಂದು ಹೇಳಿರಲಿಲ್ಲ. ಸೀಟು ಹೋಗುತ್ತೆ ಅಂತ ಹೆದರಿಸಿದರು. 50 ಸಾವಿರ ಕಟ್ಟಿ ಬಂದಿದ್ದೇನೆ. ವಾಪಸ್ ಕೊಡುವುದಿಲ್ಲ ಅನ್ನುತ್ತಿದ್ದಾರೆ.

ಮೇಡಂ: ಇದನ್ನು ಮೊದಲೇ ಹೇಳಬೇಕಿತ್ತು ಅಣ್ಣಾ. ಅವರು ಹೇಳಿದ್ದೇ ಕೊನೆಯಲ್ಲ. ಯುಜಿಸಿಯ 2018ರ ನಿಯಮ ಇದೆ. ಅವರು ಪ್ರಕಟಿಸಿದ ಪ್ರವೇಶದ ಕೊನೆ ದಿನಕ್ಕೆ 15 ದಿನ ಮುಂಚೆಯೇ ಬಿಟ್ಟರೆ ಪೂರ್ತಿ ಹಣ ಬರಬೇಕು, ಕಚೇರಿ ಖರ್ಚಿಗೆ ಅಂತ ಕಟ್ಟಿದ್ದರಲ್ಲಿ ಹೆಚ್ಚೆಂದರೆ ನೂರಕ್ಕೆ 5 ಹಿಡಿಯಬಹುದು, ಅದೂ 5 ಸಾವಿರ ಮೀರುವಂತಿಲ್ಲ. ಕೊನೆ ದಿನಕ್ಕೆ 15 ದಿನಕ್ಕಿಂತ ಕಮ್ಮಿ ಉಳಿದಿದ್ದರೆ ನೂರಕ್ಕೆ 90. ಕೊನೆ ದಿನ ದಾಟಿ 15 ದಿನದವರೆಗೆ 80, ತಿಂಗಳವರೆಗೆ 50. ಅದೂ ಕಳೆದರೆ ಏನೂ ಇಲ್ಲ. ಫೋನಿನಲ್ಲಿ ಮಾತಾಡಬೇಡಿ. ಸೀಟು ಬೇಡ, ಹಣ ವಾಪಸ್ ಕೊಡಿ ಅಂತ ಇವತ್ತೇ ಇಮೇಲ್ ಮಾಡಿ, ರಸೀದಿಯ ಫೋಟೋ ಸೇರಿಸಿ. ಮಗಳ ಅಸಲಿ ಅಂಕಪಟ್ಟಿ ಅವರ ಹತ್ತಿರ ಇದೆಯಾ?

ಸೋಮವಾರಪೇಟೆಯಿಂದ: ಇದೆ ಮೇಡಂ. ಟಿಸಿಯೂ ಅವರ ಹತ್ತಿರವೇ ಇದೆ.

ಮೇಡಂ: ಅದನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ, ಅದೇ ನಿಯಮದಲ್ಲಿದೆ. ಇಮೇಲಿನಲ್ಲಿ ಅದನ್ನೂ ಕೇಳಿ, ನಾಳೆ ಖುದ್ದಾಗಿ ಹೋಗಿ ತನ್ನಿ. ಮಡಿಕೇರಿಯಲ್ಲಿ ಅಡ್ಮಿಷನ್ ಮುಗಿಯುವ ಮೊದಲು ಕಾಗದ ಕೈಯಲ್ಲಿರಬೇಕು.