ಮಲ್ಪೆಯ ಆಫೀಸಿನಲ್ಲಿ ಬಿಲ್ ಸಿಕ್ಕಿಹಾಕಿಕೊಳ್ಳುತ್ತದೆ, ನಿಮ್ಮ ಅನುಭವ ಹೇಳಿ

ಮಲ್ಪೆಯಿಂದ ಪ್ರಶ್ನೆ:
ಬಂದರಿನ ಹತ್ತಿರ ನಾನು, ನನ್ನ ಗಂಡ ಮೀನು ವ್ಯಾಪಾರದ ಸಣ್ಣ ಆಫೀಸು ನಡೆಸುತ್ತೇವೆ. ಬಿಲ್ಲಿಂಗ್ ಕಂಪ್ಯೂಟರ್ ಆಫೀಸಿನಲ್ಲಿ ಉಂಟು, ತೂಕದ ಕೌಂಟರ್ ಹಿಂದಿನ ಐಸ್ ಪ್ಲಾಂಟಿನಲ್ಲಿ. ನಡುವೆ ನೆಟ್‌ವರ್ಕ್ ಕೇಬಲ್ ಎಳೆದಿದ್ದೇವೆ. ಬೆಳಿಗ್ಗೆ ಬೋಟು ಬಂದು ಗಡಿಬಿಡಿ ಇರುವಾಗಲೇ ಬಿಲ್ ಸೇವ್ ಆಗದೆ ನಿಂತುಬಿಡುತ್ತದೆ. ಇಂಟರ್ನೆಟ್ ಪ್ಲಾನ್ 50ರಿಂದ 200 ಎಂಬಿಪಿಎಸ್‌ಗೆ ಏರಿಸಿದೆವು. ಏನೂ ಬದಲಾಗಲಿಲ್ಲ. ಎಲ್ಲಿಂದ ಶುರು ಮಾಡಬೇಕು?

ಮಣಿಪಾಲದಿಂದ:
ಅಕ್ಕ, ಪ್ಲಾನ್ ಏರಿಸಿದ್ದು ಈ ಕಾಯಿಲೆಗೆ ಮದ್ದಲ್ಲ. ಬಿಲ್ ಓಡಾಡುವುದು ನಿಮ್ಮದೇ ಕೇಬಲಿನಲ್ಲಿ ಅಲ್ವಾ? ಕಂಪ್ಯೂಟರ್ ಮಾಹಿತಿಯನ್ನು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಕಳಿಸುತ್ತದೆ. ಮೊದಲು ಅವು ಎಲ್ಲಿ ಕಳೆಯುತ್ತವೆ ಅಂತ ಹುಡುಕಿ. ಕೌಂಟರಿನಿಂದ ಬಿಲ್ಲಿಂಗ್ ಕಂಪ್ಯೂಟರಿಗೆ 500 ಸಲ ಪಿಂಗ್ ಹಾಕಿ, ಅಂದರೆ ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಅಂತ ನೋಡಿ. ರಾತ್ರಿ ಒಮ್ಮೆ, ಬೆಳಗಿನ ಗಡಿಬಿಡಿಯಲ್ಲಿ ಒಮ್ಮೆ. ಒಳಗಿನ ಕೇಬಲಿನಲ್ಲಿ ಒಂದೂ ಕಳೆಯಬಾರದು. 5 ಕಳೆದರೂ ಶೇಕಡಾ ಒಂದು ತಾನೇ ಅಂತ ಬಿಡಬೇಡಿ.

ಕಳೆದದ್ದನ್ನು ಟಿಸಿಪಿ, ಅಂದರೆ ಪ್ಯಾಕೆಟ್ ತಲುಪಿತಾ ಅಂತ ನೋಡಿಕೊಳ್ಳುವ ಕಂಪ್ಯೂಟರಿನ ನಿಯಮ, ಮತ್ತೆ ಕಳಿಸುತ್ತದೆ, ನಿಜ. ಆದರೆ ಪ್ಯಾಕೆಟ್ ಕಳೆದ ಕೂಡಲೇ ದಾರಿಯಲ್ಲಿ ದಟ್ಟಣೆ ಆಗಿದೆ ಅಂತ ತಿಳಿದು ವೇಗವನ್ನೂ ಇಳಿಸುತ್ತದೆ. ಇದಕ್ಕೊಂದು ಕಥೆ ಉಂಟು. 1986ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ, ಬರೀ 400 ಗಜ ದೂರದ ಎರಡು ಜಾಗಗಳ ನಡುವೆ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಬಿದ್ದಿತ್ತು. ದಟ್ಟಣೆ ಇದ್ದರೂ ಎಲ್ಲ ಕಂಪ್ಯೂಟರುಗಳು ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿ ದಾರಿ ಕಟ್ಟಿಹೋಗಿತ್ತು. ಅದನ್ನು ಕಂಡ ವ್ಯಾನ್ ಜೇಕಬ್ಸನ್, ಪ್ಯಾಕೆಟ್ ಕಳೆದರೆ ತಗ್ಗಿ ಆಮೇಲೆ ಮೆಲ್ಲ ಏರುವ ಉಪಾಯವನ್ನು 1988ರಲ್ಲಿ ಬರೆದರು. ಇಡೀ ಇಂಟರ್ನೆಟ್ ಉಳಿದದ್ದು ಅದರಿಂದ ಅಂತ ನನ್ನ ನಂಬಿಕೆ. ಆದರೆ ಪ್ಯಾಕೆಟ್ ಕಳೆದದ್ದು ದಟ್ಟಣೆಯಿಂದಲೋ ಹಾಳಾದ ಕೇಬಲಿನಿಂದಲೋ ಅಂತ ಟಿಸಿಪಿಗೆ ಗೊತ್ತಾಗುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ಸುರತ್ಕಲ್‌ನಿಂದ:
ಕಡಲ ಗಾಳಿ ಮರೆಯಬೇಡಿ ಮಾರಾಯ್ರೆ. ನಮ್ಮ ಗೋಡೌನಿನಲ್ಲೂ ಹೀಗೇ ಆಗುತ್ತಿತ್ತು. ಕೇಬಲಿನ ತುದಿಯ ಆರ್‌ಜೆ45 ಪ್ಲಗ್ ಕಿತ್ತು ಕಿಟಕಿ ಬೆಳಕಿಗೆ ಹಿಡಿದೆ. ಎಂಟು ಪಟ್ಟಿಗಳಲ್ಲಿ ಎರಡರ ಮೇಲೆ ಹಸಿರು ಕಿಲುಬು, ಹುಳಿ ಇಟ್ಟ ಹಿತ್ತಾಳೆ ಪಾತ್ರೆಯಲ್ಲಿ ಕಟ್ಟುವ ಹಾಗೆ. ತುದಿ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದೆ, ಸರಿಯಾಯಿತು. ಕೇಬಲುಗಳನ್ನು ಜೋಡಿಸುವ ಸ್ವಿಚ್ ಪೆಟ್ಟಿಗೆ 1 ಗಿಗಾಬಿಟ್ (1,000 ಎಂಬಿಪಿಎಸ್) ಬದಲು 100 ಎಂಬಿಪಿಎಸ್ ತೋರಿಸುತ್ತಿದ್ದರೂ ಅನುಮಾನ ಇರಲಿ. ಗಿಗಾಬಿಟ್‌ಗೆ ನಾಲ್ಕು ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಅಂದರೆ ಯಾವುದೋ ಜೋಡಿ ಕೆಟ್ಟಿರಬಹುದು.

ಕಾರ್ಕಳದಿಂದ:
ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಬೇಡವೇ ಬೇಡ. ಮಳೆಗಾಲಕ್ಕೆ ಮೊದಲಿನ ಒಂದು ಸಿಡಿಲಿಗೆ ನಮ್ಮ ಸ್ವಿಚ್ಚೂ ಎರಡು ಕಂಪ್ಯೂಟರುಗಳ ಪೋರ್ಟೂ ಒಟ್ಟಿಗೆ ಸುಟ್ಟುಹೋದವು. ಬೆಳಕಿನಲ್ಲಿ ಮಾಹಿತಿ ಸಾಗಿಸುವ, ಲೋಹ ಇಲ್ಲದ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಬೆಳಕನ್ನೂ ತಾಮ್ರದ ಕೇಬಲಿನ ಸಿಗ್ನಲನ್ನೂ ಅದಲುಬದಲು ಮಾಡುವ ಪೆಟ್ಟಿಗೆ) ಹಾಕಿ. ದೂರವನ್ನೂ ಅಳೆಯಿರಿ, ತಾಮ್ರದ ಕೇಬಲಿಗೆ 100 ಮೀಟರ್ ಮಿತಿ.

ಕದ್ರಿಯಿಂದ:
ಕೇಬಲ್ ಬಿಟ್ಟು ವೈಫೈಗೆ ಹೋಗುವ ಯೋಚನೆ ಇದ್ದರೆ ಬಿಡಿ. ನಮ್ಮ ಮುರಕಲ್ಲಿನ ದಪ್ಪ ಗೋಡೆ ಸಿಗ್ನಲ್ ನುಂಗುತ್ತದೆ.

ಮಲ್ಪೆಯಿಂದ ಮತ್ತೆ:
ಪಿಂಗ್ ಹಾಕಿದೆ. ರಾತ್ರಿ 500ಕ್ಕೆ 500 ಬಂತು. ಬೆಳಿಗ್ಗೆ 38 ಕಳೆಯಿತು. ನೋಡುತ್ತಾ ನಿಂತಾಗ ಗೊತ್ತಾಯಿತು, ಐಸ್ ಪುಡಿ ಮಾಡುವ ಮಿಷನ್ ಶುರು ಆದಾಗೆಲ್ಲ ಉತ್ತರ ನಿಲ್ಲುತ್ತದೆ. ಅದರ ಮೋಟಾರಿನ ಕರೆಂಟ್ ವೈರೂ ನಮ್ಮ ಕೇಬಲೂ ಒಂದೇ ಪೈಪಿನಲ್ಲಿವೆ. ಟೇಪ್ ಹಿಡಿದು ಅಳೆದೆವು, 112 ಮೀಟರ್. ಫೈಬರ್ ಎಳೆಯುವವರು ಶುಕ್ರವಾರ ಬರುತ್ತಾರೆ.