ಶುಗರ್ ಇಲ್ಲ, ಆದರೂ ಮೂತ್ರದಲ್ಲಿ ಅಲ್ಬುಮಿನ್ ಯಾಕೆ?

ಪ್ರಶ್ನೆ (ಬದಿಯಡ್ಕದಿಂದ): ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ 42 ವರ್ಷ. ಗಲ್ಫಿನಲ್ಲಿದ್ದಾಗ ಹೊಟ್ಟೆ ಬಂದಿದೆ, ಸುತ್ತಳತೆ 104 ಸೆಂಟಿಮೀಟರ್. ಬಿಪಿ 146/92. ಶುಗರ್ ನಾರ್ಮಲ್. ಆದರೆ ಮೂತ್ರದ ಎಸಿಆರ್ (ಅಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂಬ ಲೆಕ್ಕ) 70, ಸಿಆರ್‌ಪಿಯೂ (ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಸ್ವಲ್ಪ ಜಾಸ್ತಿ. ಹೊಟ್ಟೆಯ ಕೊಬ್ಬು ಹಾರ್ಟಿಗೂ ಕಿಡ್ನಿಗೂ ತೊಂದರೆ ಕೊಡುತ್ತದೆ ಅಂದರಂತೆ. ಹೊಟ್ಟೆಗೂ ಕಿಡ್ನಿಗೂ ಏನು ಸಂಬಂಧ?

ಉತ್ತರ: ಸಂಬಂಧ ತುಂಬಾ ಇದೆ ಅಕ್ಕ. ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಕರುಳಿನ ಸುತ್ತ, ಲಿವರಿನ ಹತ್ತಿರ ಸೇರುವ ಕೊಬ್ಬಿನ ಕಣಗಳು ಮಿತಿ ಮೀರಿ ಉಬ್ಬಿದಾಗ ಅವಕ್ಕೆ ಆಮ್ಲಜನಕ ಸಾಲದು, ಕೆಲವು ಸಾಯುತ್ತವೆ. ಅಲ್ಲಿಗೆ ರಕ್ಷಣಾ ಕಣಗಳು ಬಂದು ಸೇರಿ ಟಿಎನ್‌ಎಫ್, ಐಎಲ್-6 ಎಂಬ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಜ್ವರ ಇಲ್ಲ, ನೋವಿಲ್ಲ, ಆದರೆ ವರ್ಷಗಟ್ಟಲೆ ಮೆಲ್ಲಗೆ ಉರಿಯೂತ ನಡೆಯುತ್ತಿರುತ್ತದೆ. ಐಎಲ್-6 ಲಿವರಿಗೆ ಮುಟ್ಟಿದಾಗ ಅದು ಸಿಆರ್‌ಪಿ ತಯಾರಿಸುತ್ತದೆ. ನೆಗಡಿ, ಗಾಯ ಇದ್ದರೂ ಸಿಆರ್‌ಪಿ ಏರುತ್ತದೆ, ಹಾಗಾಗಿ ಅದೊಂದನ್ನೇ ನೋಡಿ ಹೆದರಬೇಡಿ.

ಈ ಉರಿಯೂತದಿಂದ ರಕ್ತನಾಳದ ಒಳಪದರ ಕೆಡುತ್ತದೆ. ಕೆಟ್ಟ ಕೊಲೆಸ್ಟರಾಲ್ ಅದರೊಳಗೆ ಸುಲಭವಾಗಿ ನುಗ್ಗಿ ಗಡ್ಡೆ ಕಟ್ಟುತ್ತದೆ. ಅದು ಒಡೆದರೆ ಹಾರ್ಟ್ ಅಟ್ಯಾಕ್.

ಕಿಡ್ನಿಯಲ್ಲಿರುವುದೂ ಸಣ್ಣ ರಕ್ತನಾಳಗಳ ಗೊಂಚಲೇ. ಮೈಭಾರ ಹೆಚ್ಚಿದಷ್ಟೂ ಅದು ಜಾಸ್ತಿ ರಕ್ತ ಸೋಸಬೇಕು. ಜೊತೆಗೆ ಕೊಬ್ಬು ಕಣಗಳು ಬಿಪಿ ಏರಿಸುವ ಹಾರ್ಮೋನಿನ ಕಚ್ಚಾ ವಸ್ತುವನ್ನೂ ತಯಾರಿಸುತ್ತವೆ. ತೋಟದ ಪಂಪಿನ ಪ್ರೆಶರ್ ಜಾಸ್ತಿಯಾದರೆ ಸ್ಪ್ರಿಂಕ್ಲರ್ ಪೈಪಿನ ಜಾಯಿಂಟ್ ಸೋರುತ್ತದಲ್ವಾ, ಹಾಗೆ ಇಲ್ಲಿ ಅಲ್ಬುಮಿನ್ ಸೋರುತ್ತದೆ. ಎಸಿಆರ್ 30ರ ಒಳಗಿರಬೇಕು. ಇದು ಶುಗರ್ ಬರುವ ಮೊದಲೇ ಆಗಬಹುದು. ಹಾರ್ಟ್, ಕಿಡ್ನಿ, ಶುಗರ್, ಬೊಜ್ಜು ಎಲ್ಲವನ್ನೂ ಒಂದೇ ಕಾಯಿಲೆಯ ಹಂತಗಳಂತೆ ನೋಡಬೇಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಹೇಳಿತು. ನನಗೂ ಅದೇ ಸರಿ ಅನಿಸುತ್ತದೆ.

ತಮ್ಮನಿಗೆ ಎಸಿಆರ್ ಇನ್ನೆರಡು ಸಲ, ಮೂರು ತಿಂಗಳ ಒಳಗೆ ಮಾಡಿಸಿ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಕೂಡ ಬೇಕು. ಬಿಪಿ ಮಾತ್ರೆಯ ವಿಷಯ ಕೇಳಿ, ಈ ಸೋರಿಕೆ ಕಡಿಮೆ ಮಾಡುವ ಬಿಪಿ ಮಾತ್ರೆಗಳೇ ಇವೆ. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಬಿಪಿ ಇಳಿಯುತ್ತದೆ, ಸೋರಿಕೆಯೂ ತಗ್ಗಬಹುದು. ರಾತ್ರಿಯ ಪೊರೋಟ, ಬೇಕರಿ ತಿಂಡಿ ಬಿಡಲಿ. ಒಣಮೀನು, ಉಪ್ಪಿನಕಾಯಿ ಕಡಿಮೆ ಮಾಡಲಿ. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಆದರೆ ಎರಡನೇ ಬಟ್ಟಲು ಬೇಡ.

ಪ್ರಶ್ನೆ (ಕುಂಬಳೆಯಿಂದ): ಉರಿಯೂತ ಅಂದಮೇಲೆ ಡೈಕ್ಲೊಫಿನಾಕ್ ತಗೊಂಡರೆ ಇಳಿಯುವುದಿಲ್ಲವೇ? ಗಂಟುನೋವಿಗೆ ನಾನು ಹೇಗೂ ತಗೊಳ್ತೇನೆ.

ಉತ್ತರ: ಬೇಡ ಮಾರಾಯ್ರೇ, ದಯವಿಟ್ಟು ಬೇಡ! ಆ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ, ಬಿಪಿ ಏರಿಸುತ್ತದೆ, ಹಾರ್ಟಿಗೂ ಅಪಾಯ. ಕೊಬ್ಬಿನಿಂದ ಬರುವ ಉರಿಯೂತಕ್ಕೆ ಅದು ಮದ್ದಲ್ಲ. ಮೆಡಿಕಲಿನಿಂದ ನೀವೇ ತಂದು ತಿಂಗಳುಗಟ್ಟಲೆ ನುಂಗುತ್ತಿದ್ದರೆ ಈ ವಾರವೇ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿಪಿ, ಕ್ರಿಯಾಟಿನಿನ್ ನೋಡಿಸಿ. ಗಂಟುನೋವಿಗೆ ಬೇರೆ ದಾರಿ ಅಲ್ಲೇ ಕೇಳಿ.

ಪ್ರಶ್ನೆ (ಮಂಜೇಶ್ವರದಿಂದ): ನಾನು ಸಪೂರ, ಹೊಟ್ಟೆ ಮಾತ್ರ ಇದೆ. ನನಗೂ ಇದೇ ಲೆಕ್ಕವಾ?

ಉತ್ತರ: ಹೌದು. ನಮ್ಮ ಜನರಲ್ಲಿ ಕೈಕಾಲು ಸಪೂರ ಇದ್ದೂ ಕೊಬ್ಬು ಹೊಟ್ಟೆಯಲ್ಲಿ ಸೇರುವುದು ಸಾಮಾನ್ಯ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಟೇಪನ್ನು ಪ್ಯಾಂಟಿನ ಬೆಲ್ಟ್ ಕಟ್ಟುವಲ್ಲಿ ಇಡಬೇಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಇಟ್ಟು, ಉಸಿರು ಬಿಟ್ಟು ಅಳೆಯಿರಿ. ಅಳತೆ ಮೀರಿದ್ದರೆ ಬಿಪಿ, ಶುಗರ್, ಕೊಲೆಸ್ಟರಾಲ್ ಜೊತೆ ಎಸಿಆರ್ ಕೂಡ ಮಾಡಿಸಿ.