ಕೆ-ರಾಸ್ ಜಿ12ಡಿ: ವಾಟ್ಸಾಪಿನಲ್ಲಿ ಬಂದ ಮಾತ್ರೆ ದೊಡ್ಡಮ್ಮನಿಗೆ ಆಗುತ್ತಾ?

ತುಂಗಾತೀರ:
ದೊಡ್ಡಮ್ಮನಿಗೆ ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಕ್ಯಾನ್ಸರ್. ಬಯಾಪ್ಸಿ ಚೂರನ್ನು ಬೆಂಗಳೂರಿಗೆ ಕಳಿಸಿದ್ದೆವು, ಹನ್ನೊಂದು ಪುಟದ ರಿಪೋರ್ಟು ಬಂದಿದೆ. ನನಗೆ ಅರ್ಥವಾದದ್ದು ಹೆಸರು, ವಯಸ್ಸು ಅಷ್ಟೇ. ಮಧ್ಯೆ ದಪ್ಪಕ್ಷರದಲ್ಲಿ ‘ಕೆ-ರಾಸ್ ಜಿ12ಡಿ’ ಅಂತಿದೆ. ಫ್ಯಾಮಿಲಿ ಗ್ರೂಪಿಗೆ ಯಾರೋ ‘ಕೆ-ರಾಸ್‌ಗೆ ಮಾತ್ರೆ ಬಂತು, ಸೋಟೊರಾಸಿಬ್’ ಅಂತ ಹಾಕಿದ್ದಾರೆ. ಅಣ್ಣ ಆಗಲೇ ರೇಟು ವಿಚಾರಿಸುತ್ತಿದ್ದಾನೆ. ಡಾಕ್ಟರನ್ನು ನೋಡುವುದು ಸೋಮವಾರ. ತಿಳಿದವರು ಹೇಳಿ.

ಐಸ್‌ಬಕೆಟ್:
ಮೊದಲು ಅಣ್ಣನನ್ನು ತಡೆಯಿರಿ. ಆ ಮಾತ್ರೆ ಜಿ12ಸಿಗೆ, ನಿಮ್ಮದು ಡಿ. ಒಂದಕ್ಷರ ತಾನೇ ಅನ್ನಬೇಡಿ.

ಪಿಎಚ್‌ಡಿಯಲ್ಲಿ ಎರಡು ವರ್ಷ ಈ ಪ್ರೋಟೀನನ್ನೇ ಶುದ್ಧ ಮಾಡುತ್ತ ಕೂತವಳು ನಾನು. ಕೆ-ರಾಸ್ ಜೀವಕೋಶದ ಒಂದು ಸ್ವಿಚ್ಚು. ಜಿಟಿಪಿ ಅನ್ನುವ ಸಣ್ಣ ಅಣುವನ್ನು ಹಿಡಿದಿದ್ದರೆ ಆನ್, ಕೋಶಕ್ಕೆ ‘ಬೆಳೆ, ಒಡೆ’ ಅಂತ ಸುದ್ದಿ ಹೋಗುತ್ತದೆ. ಜಿಟಿಪಿಯನ್ನು ಕತ್ತರಿಸಿ ಜಿಡಿಪಿ ಅನ್ನುವ ಮೋಟು ಅಣು ಮಾಡಿಕೊಂಡರೆ ಆಫ್. ಪ್ರೋಟೀನು ಅಂದರೆ ಅಮೈನೊ ಆಮ್ಲಗಳ ಸರ; ಇದರ 12ನೇ ಜಾಗದಲ್ಲಿ ಇರಬೇಕಾದ್ದು ಗ್ಲೈಸಿನ್ (ಹೆಸರಿನ ‘ಜಿ’ ಅದೇ), ಅಮೈನೊ ಆಮ್ಲಗಳಲ್ಲೆಲ್ಲ ಚಿಕ್ಕದು. ಅಲ್ಲಿ ದಪ್ಪದ್ದು ಬಂದು ಕೂತರೆ, ಕತ್ತರಿಸಲು ನೆರವಾಗುವ ಇನ್ನೊಂದು ಪ್ರೋಟೀನಿಗೆ ಬೆರಳು ತೂರಿಸಲು ಜಾಗವಿರುವುದಿಲ್ಲ. ಸ್ವಿಚ್ಚು ಆನ್ ಆಗಿಯೇ ಉಳಿಯುತ್ತದೆ.

ಜಿಡಿಪಿಯ ಮೇಲೆ ಇದರ ಹಿಡಿತ ಮಹಾ ಜಿಗುಟು. ಅದನ್ನು ಬಿಡಿಸಲು ನಾನು ಇಡಿಟಿಎ ಅನ್ನುವ ರಾಸಾಯನಿಕ ಸುರಿದು, ಹಿಡಿತಕ್ಕೆ ನೆರವಾಗುವ ಮ್ಯಾಗ್ನೀಷಿಯಂ ಕಸಿಯಬೇಕಿತ್ತು. ಅಂಥ ಜಾಗಕ್ಕೆ ಔಷಧಿ ನುಗ್ಗಿಸುವ ಆಸೆ ದಶಕಗಟ್ಟಲೆ ಕೈಗೂಡಲಿಲ್ಲ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕೆವನ್ ಶೋಕಾಟ್ ತಂಡ ಪಕ್ಕದಲ್ಲೊಂದು ಪೊಟರೆ ಕಂಡುಹಿಡಿಯಿತು. ಜಿ12ಸಿಯ ಕೊನೆಯ ‘ಸಿ’ ಅಂದರೆ ಗ್ಲೈಸಿನ್ ಜಾಗಕ್ಕೆ ಬಂದ ಸಿಸ್ಟೀನ್, ಗಂಧಕ ಇರುವಂಥದ್ದು. ಔಷಧಿ ಆ ಗಂಧಕಕ್ಕೆ ಬಿಡಿಸಲಾಗದಂತೆ ಅಂಟಿ ಪೊಟರೆಯಲ್ಲಿ ಕೂರುತ್ತದೆ, ಸ್ವಿಚ್ಚು ಆಫ್‌ನಲ್ಲೇ ಸಿಕ್ಕಿಬೀಳುತ್ತದೆ. 2021ರಲ್ಲಿ ಅಮೆರಿಕ ಶ್ವಾಸಕೋಶದ ಕ್ಯಾನ್ಸರಿಗೆ ಸೋಟೊರಾಸಿಬ್ ಒಪ್ಪಿದ್ದು ಈ ದಾರಿಯಲ್ಲಿ. ‘ಡಿ’ ಅಂದರೆ ಆಸ್ಪಾರ್ಟಿಕ್ ಆಮ್ಲ. ಗಂಧಕವಿಲ್ಲ, ಮಾತ್ರೆಗೆ ಸಿಕ್ಕಿಕೊಳ್ಳಲು ಕೊಕ್ಕೆಯೇ ಇಲ್ಲ. ಪ್ಯಾಂಕ್ರಿಯಾಸಿನಲ್ಲಿ ಹೆಚ್ಚಾಗಿ ಕಾಣುವುದು ಈ ಡಿಯೇ, ಸಿ ಅಪರೂಪ.

ತುಂಗಾತೀರ:
ಹಾಗಾದರೆ ಡಿಗೆ ಏನೂ ಇಲ್ಲವಾ ಮೇಡಂ?

ಐಸ್‌ಬಕೆಟ್:
ಪ್ರಯೋಗಗಳು ನಡೆಯುತ್ತಿವೆ. ನನಗೆ ಇಷ್ಟವಾದದ್ದು ಡ್ಯಾರಾಕ್ಸೊನ್‌ರಾಸಿಬ್. ಅದು ಮೊದಲು ಕೋಶದೊಳಗೇ ಇರುವ ಸೈಕ್ಲೋಫಿಲಿನ್-ಎ ಪ್ರೋಟೀನಿಗೆ ಜೋತುಬೀಳುತ್ತದೆ, ಆಮೇಲೆ ಎರಡೂ ಸೇರಿ ಆನ್ ಆಗಿರುವ ರಾಸ್ ಮೇಲೆ ಕವುಚಿಕೊಳ್ಳುತ್ತವೆ. ಗಂಧಕದ ಹಂಗಿಲ್ಲ. ಪ್ಯಾಂಕ್ರಿಯಾಸ್ ಕ್ಯಾನ್ಸರಿನಲ್ಲೇ ಮೂರನೇ ಹಂತದ ಪ್ರಯೋಗಕ್ಕೆ ಹೋದ ಔಷಧಿ. ಆದರೆ ನಾನು ಟ್ಯೂಬು ಹಿಡಿದವಳು, ರೋಗಿಯನ್ನಲ್ಲ. ದೊಡ್ಡಮ್ಮ ಯಾವುದಾದರೂ ಪ್ರಯೋಗಕ್ಕೆ ಸೇರಬಹುದೇ ಅಂತ ಡಾಕ್ಟರನ್ನೇ ಕೇಳಿ.

ಹಳೇಬಸ್‌ಸ್ಟ್ಯಾಂಡ್:
ಸೋಮವಾರ ಹನ್ನೊಂದೂ ಪುಟ ಒಯ್ಯಿರಿ. ನಮ್ಮಪ್ಪನ ಸಲ ಮೊದಲ ಪುಟ ಮಾತ್ರ ಜೆರಾಕ್ಸ್ ಮಾಡಿಸಿಕೊಂಡು ಹೋಗಿ ಒಂದು ದಿನ ಹಾಳಾಯ್ತು. ಬಿಆರ್‌ಸಿಎ ಅನ್ನೋ ಜೀನಿನಲ್ಲಿ ದೋಷ ಅಂತ ಇದೆಯಾ ನೋಡಿ. ಅದು ಹುಟ್ಟಿನಿಂದ ಬಂದ ದೋಷವಾದರೆ ಒಲಾಪರಿಬ್ ಅನ್ನೋ ಬೇರೆ ಮಾತ್ರೆಯ ಮಾತು ಬರುತ್ತೆ.

ತುಂಗಾತೀರ:
ಏಳನೇ ಪುಟದಲ್ಲಿದೆ. ‘ಪತ್ತೆಯಾಗಿಲ್ಲ’ ಅಂತ ಬರೆದಿದ್ದಾರೆ. ಅಣ್ಣನಿಗೆ ಫೋನು ಮಾಡಿದೆ.